ಓಣಿಯ ಕೆಲಸ ಯಾರದು?

ಬೆಂಗಳೂರಿನ ಮಹಾಜನರಿಗೆ ತಂತಮ್ಮ ವಾರ್ಡಿನ ಸಭಾಸದರನ್ನು ಆರಿಸುವ ಸಂಧಿಯು 2015ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ದೊರೆತಿತ್ತು. ಆ ಸಭೆಯ ಅವಧಿಯು 2020ನೆಯ ಸೆಪ್ಟೆಂಬರದಲ್ಲಿ ತೀರಿತು. ಅಲ್ಲಿಂದ ಮುಂದೆ, 2025ನೆಯ ಸೆಪ್ಟೆಂಬರ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ ಇಲ್ಲವಾಗಿ ಅದರ ಸ್ಥಾನದಲ್ಲಿ ಐದು ಪಾಲಿಕೆಗಳು ಹುಟ್ಟುವವರೆಗೆ, ಹೆಚ್ಚು ಕಡಿಮೆ ಪೂರಾ ಐದು ವರ್ಷಗಳ ಕಾಲ, ಕನ್ನಡನಾಡಿನ ರಾಜಧಾನಿಯು ಒಬ್ಬ ಸಭಾಸದನೂ ಇಲ್ಲದೆ, ಸರಕಾರವು ನೇಮಿಸಿದ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆಯಿತು. ಗಡಿಯನ್ನು ಗೊತ್ತುಪಡಿಸಬೇಕೆಂದು ಒಮ್ಮೆ, ಮೀಸಲಾತಿಯ ಪಟ್ಟಿ ಸರಿಯಿಲ್ಲವೆಂದು ಇನ್ನೊಮ್ಮೆ, ಕಾನೂನನ್ನೇ ಹೊಸದಾಗಿ ಬರೆಯಬೇಕೆಂದು ಮತ್ತೊಮ್ಮೆ ಚುನಾವಣೆಯು ಮುಂದಕ್ಕೆ ಹೋಯಿತು. ಒಂದು ಪಕ್ಷದ ಸರಕಾರ ಹೋಗಿ ಇನ್ನೊಂದು ಪಕ್ಷದ್ದು ಬಂದರೂ ಈ ಒಂದು ವಿಷಯದಲ್ಲಿ ಉಭಯತರಲ್ಲಿ ಭಿನ್ನಾಭಿಪ್ರಾಯವಿದ್ದಂತೆ ಕಾಣಲಿಲ್ಲ!

ಆದರೆ ನಾವು ಇಲ್ಲಿ ಬರೆಯಬೇಕೆಂದಿರುವದು ಪಕ್ಷಗಳ ಮಾತನ್ನಲ್ಲ. ಈ ಐದು ವರ್ಷಗಳಲ್ಲಿ ಒಂದು ಅಭಿಪ್ರಾಯವು ಸುಶಿಕ್ಷಿತರಲ್ಲಿ ಸದ್ದಿಲ್ಲದೆ ಬೇರೂರಿದೆ. ಸಭಾಸದನಿಲ್ಲದಿದ್ದರೂ ಕಸ ಎತ್ತಲ್ಪಟ್ಟಿತು, ದೀಪ ಉರಿಯಿತು. ಉಳಿದುದನ್ನು ಬಡಾವಣೆಯ ನಿವಾಸಿಗಳ ಸಂಘವೇ ನೋಡಿಕೊಂಡಿತು. ಅಂದ ಬಳಿಕ ಚುನಾವಣೆಯ ಗದ್ದಲವಾದರೂ ಏತಕ್ಕೆ? ಹೀಗೆ ಕೇಳುವವರು ಕೆಟ್ಟವರಲ್ಲ. ಅವರಲ್ಲಿ ಅನೇಕರು ಬೆಳಿಗ್ಗೆ ಎದ್ದು ಕೆರೆಯ ದಂಡೆಯ ಪ್ಲಾಸ್ಟಿಕ್ಕನ್ನು ತಮ್ಮ ಕೈಯಿಂದ ಆರಿಸಿದವರು. ಆದುದರಿಂದಲೇ ಅವರ ಮಾತಿಗೆ ಉತ್ತರ ಕೊಡುವದು ಅವಶ್ಯವಾಗಿದೆ.

ಬಡಾವಣೆಯ ಜನರು ಕೂಡಿ ಮಾಡಿದ ಕೆಲಸದ ಬೆಲೆಯನ್ನು ನಾವು ಎಳ್ಳಷ್ಟೂ ಕಡಿಮೆ ಮಾಡುವವರಲ್ಲ. ಜಯಪ್ರಕಾಶ ನಗರದ 7ನೆಯ ಹಂತದಲ್ಲಿರುವ ಪುಟ್ಟೇನಹಳ್ಳಿಯ ಕೆರೆಯನ್ನು ನೋಡಿರಿ. ಹದಿಮೂರು ಎಕರೆಯಷ್ಟರ ಈ ಕೆರೆಯು ಬತ್ತಿ, ಕಸದ ಕುಣಿಯಾಗುವ ಹಾದಿಯಲ್ಲಿತ್ತು. ನೆರೆಹೊರೆಯವರು 2010ರಲ್ಲಿ ಒಂದು ವಿಶ್ವಸ್ತ ಮಂಡಳಿಯನ್ನು ಸ್ಥಾಪಿಸಿ, 2011ರಲ್ಲಿ ಪಾಲಿಕೆಯೊಡನೆ ಕರಾರು ಮಾಡಿಕೊಂಡು ಕೆರೆಯ ಪೋಷಣೆಯ ಭಾರವನ್ನು ತಾವೇ ಹೊತ್ತರು. ಮಳೆಯ ನೀರು ಸಾಲದಾದಾಗ, ಪಕ್ಕದ ದೊಡ್ಡ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿ ಹೊರಗೆ ಬಿಡುತ್ತಿದ್ದ ನೀರನ್ನು ಕೆರೆಗೆ ತಿರುಗಿಸುವ ಯೋಜನೆಯನ್ನು ನೆರವೇರಿಸಿದರು. ಸರ್ಜಾಪುರದ ರಸ್ತೆಯ ಮೇಲಿನ ಕೈಕೊಂಡ್ರಹಳ್ಳಿಯ ಕೆರೆಯದು ಇನ್ನೂ ದೊಡ್ಡ ಕಥೆ. ನಾಲ್ವತ್ತೆಂಟು ಎಕರೆಯ ಆ ಕೆರೆಯನ್ನು 2009ರಿಂದ 2011ರವರೆಗೆ ಪಾಲಿಕೆಯ ಹಣದಿಂದಲೂ ನಾಗರಿಕರ ಒತ್ತಾಸೆಯಿಂದಲೂ ಪುನರುಜ್ಜೀವನಗೊಳಿಸಲಾಯಿತು. ಅಲ್ಲಿಯ ಜನರು ಮಾಡಿದ ಒಂದು ಕೆಲಸವು ನಮಗೆ ವಿಶೇಷವಾಗಿ ಮೆಚ್ಚುಗೆಯಾಗಿದೆ. ದಂಡೆಯ ಹುಲ್ಲನ್ನು ದನಗಳಿಗೆ ಕೊಯ್ದುಕೊಂಡು ಹೋಗುವ ಹಳೆಯ ಹಳ್ಳಿಗರನ್ನು ಅವರು ಹೊರಗಟ್ಟಲಿಲ್ಲ. ಕೆರೆಯ ಮಗ್ಗುಲಲ್ಲಿರುವ ಸರಕಾರಿ ಶಾಲೆಯ ಮಕ್ಕಳನ್ನೂ ದೂರ ಇಡಲಿಲ್ಲ. ವಾಯುವಿಹಾರಕ್ಕೆ ಬರುವವರಿಗೆ ಮಾತ್ರವೇ ಕೆರೆ ಎಂಬ ಭಾವನೆಯು ನಗರದ ಎಷ್ಟೋ ಉದ್ಯಾನಗಳ ಬಾಗಿಲಿಗೆ ಬೀಗವಾಗಿ ಕುಳಿತಿರುವಾಗ ಇದು ಸಣ್ಣ ಮಾತಲ್ಲ.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ಪುಟ್ಟೇನಹಳ್ಳಿಯಲ್ಲಾಗಲಿ ಕೈಕೊಂಡ್ರಹಳ್ಳಿಯಲ್ಲಾಗಲಿ ನಾಗರಿಕರು ಪಾಲಿಕೆಯನ್ನು ಬದಿಗಿಟ್ಟು ಕೆಲಸ ಮಾಡಲಿಲ್ಲ. ಪಾಲಿಕೆಯನ್ನು ಹಿಡಿದು ಮಾಡಿಸಿದರು. ಹೂಳು ತೆಗೆಯಲು, ಏರಿಯನ್ನು ಭದ್ರಪಡಿಸಲು, ಕೊಳಚೆಯ ಕೊಳವೆಯನ್ನು ಬೇರೆ ಕಡೆಗೆ ತಿರುಗಿಸಲು ಬೇಕಾದ ಹಣವೂ ಅಧಿಕಾರವೂ ಯಾವ ಸಂಘದ ಪೆಟ್ಟಿಗೆಯಲ್ಲಿಯೂ ಇರುವದಿಲ್ಲ. ಕೆರೆಗೆ ನೀರು ತರುವ ರಾಜಕಾಲುವೆಯು ಮೂರು ವಾರ್ಡುಗಳನ್ನು ದಾಟಿ ಬರುತ್ತಿದ್ದರೆ, ಮೇಲಿನ ವಾರ್ಡಿನಲ್ಲಿ ಒತ್ತುವರಿ ಮಾಡಿದವನ ಬಾಗಿಲಿಗೆ ಕೆಳಗಿನ ವಾರ್ಡಿನ ಸ್ವಯಂಸೇವಕನು ಯಾವ ಅಧಿಕಾರದಿಂದ ಹೋದಾನು?

ಕಸದ ವಿಷಯದಲ್ಲಂತೂ ಈ ಪಾಠವನ್ನು ನಗರವು ಅವಮಾನಪಟ್ಟು ಕಲಿಯಿತು. ಬಹುಕಾಲ ಬೆಂಗಳೂರು ತನ್ನ ಮನೆಯ ಹೊಲಸನ್ನು ಮಾವಳ್ಳಿಪುರ, ಮಂಡೂರು ಮೊದಲಾದ ಹಳ್ಳಿಗಳ ತಲೆಯ ಮೇಲೆ ಸುರಿದು ತಾನು ಉದ್ಯಾನನಗರವೆಂದು ಬೀಗಿತು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ನಗರದ ಬೀದಿಗಳಲ್ಲಿ ಕಸದ ಗುಡ್ಡಗಳೆದ್ದವು. 2014ರಲ್ಲಿ ಮಂಡೂರಿನವರು ದಾರಿ ಕಟ್ಟಿ ನಿಂತರು. ಅವರದು ಅನ್ಯಾಯವೆಂದು ಯಾವ ನ್ಯಾಯವಂತನೂ ಹೇಳಲಾರನು. ಕಸವನ್ನು ಮನೆಯಲ್ಲಿಯೇ ವಿಂಗಡಿಸತಕ್ಕದ್ದೆಂದು ಉಚ್ಚನ್ಯಾಯಾಲಯವು 2012ರ ಡಿಸೆಂಬರದಲ್ಲಿ ಆಜ್ಞಾಪಿಸಿತು. ಹಸಿಯದಕ್ಕೊಂದು, ತ್ಯಾಜ್ಯಕ್ಕೊಂದು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಎಂಬ ನಿಯಮವು 2015ರ ಡಿಸೆಂಬರದಲ್ಲಿ ಬಂದಿತು. ಈ ಆಜ್ಞೆಗಳು ಕಾಗದದಲ್ಲಿ ಉಳಿಯದೆ ಎಲ್ಲೆಲ್ಲಿ ಆಚರಣೆಗೆ ಇಳಿದವೋ ಅಲ್ಲೆಲ್ಲ ಮನೆಮನೆಗೆ ಹೋಗಿ ಹೇಳಿದವರು ಬಡಾವಣೆಯ ಗೃಹಿಣಿಯರು ಮತ್ತು ನಿವೃತ್ತರು. ವಾರ್ಡಿಗೊಂದರಂತೆ ಒಣ ಕಸದ ಕೇಂದ್ರಗಳನ್ನು ತೆರೆಯುವ ಕಾರ್ಯವು ನಡೆದು, ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರಲ್ಲಿಯೇ ಎಷ್ಟೋ ಜನರು ಅವುಗಳನ್ನು ನಡೆಯಿಸುವವರಾದರು. ಪಾಲಿಕೆಯು ಅವರಿಗೆ ಗುರುತಿನ ಚೀಟಿಯನ್ನು ಕೊಟ್ಟಿತು. ಚಿಂದಿಯವನೆಂದು ನಾಯಿಯನ್ನು ಛೂ ಬಿಡುತ್ತಿದ್ದ ಓಣಿಯಲ್ಲಿ ಅವನು ಪಾಲಿಕೆಯ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಬಾಗಿಲು ಬಡಿಯುವಂತಾದುದು ನಮ್ಮ ದೃಷ್ಟಿಯಲ್ಲಿ ಒಂದು ಸೇತುವೆ ಕಟ್ಟಿದ್ದಕ್ಕಿಂತ ದೊಡ್ಡ ಕೆಲಸ.

ಪೌರಕಾರ್ಮಿಕರ ಮಾತನ್ನೂ ಇಲ್ಲಿಯೇ ಹೇಳಬೇಕು. ಬೆಳಗಿನ ಜಾವ ನಾಲ್ಕು ಮನೆಯವರು ಏಳುವದಕ್ಕೆ ಮೊದಲೇ ಓಣಿಯನ್ನು ಗುಡಿಸುವವರು ಬಹುವರ್ಷ ಗುತ್ತಿಗೆಯ ಆಳುಗಳಾಗಿಯೇ ದುಡಿದರು. 2022ರ ಜುಲೈಯಲ್ಲಿ ಅವರು ಹೂಡಿದ ಮುಷ್ಕರದ ಬಳಿಕ ಸರಕಾರವು ಕಣ್ಣು ತೆರೆಯಿತು. 2025ನೆಯ ಮೇ 1ರಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕಿದ ಜನರಿಗೆ ಕಾಯಂ ನೇಮಕದ ಪತ್ರಗಳು ದೊರೆತವು. ಈ ಹೋರಾಟದಲ್ಲಿ ಎಷ್ಟು ಬಡಾವಣೆಗಳ ಸಂಘಗಳು ಅವರ ಪರವಾಗಿ ಒಂದು ಠರಾವನ್ನಾದರೂ ಮಾಡಿದ್ದವೆಂದು ವಾಚಕರು ತಮ್ಮ ತಮ್ಮ ಸಂಘದ ಪುಸ್ತಕವನ್ನು ತೆರೆದು ನೋಡಬಹುದು.

ಸಂಘಗಳಲ್ಲಿ ಇರುವ ಕೊರತೆಯು ಇದೇ. ಸಂಘವೆಂದರೆ ಬಹುಶಃ ಮನೆಯ ಒಡೆಯರ ಸಂಘ. ಅದೇ ಓಣಿಯಲ್ಲಿ ಹತ್ತು ವರ್ಷ ಬಾಡಿಗೆಗೆ ಇದ್ದ ಗುಮಾಸ್ತನು ಅದರಲ್ಲಿ ಇರುವದಿಲ್ಲ. ಹಿಂದಿನ ಕೇರಿಯ ಇಸ್ತ್ರಿಯವನು, ಮೂಲೆಯ ತರಕಾರಿಯವಳು, ಮನೆಗೆಲಸದ ಹೆಂಗಸು ಇವರಾರೂ ಇರುವದಿಲ್ಲ. ಅವರೂ ಅದೇ ನಳದ ನೀರನ್ನು ಕುಡಿಯುತ್ತಾರೆ, ಅದೇ ಗಟಾರದ ಸೊಳ್ಳೆಯಿಂದ ಕಡಿಸಿಕೊಳ್ಳುತ್ತಾರೆ. ಸಂಘದ ಮಂಡಳಿಯು ಬೀದಿಗೆ ಗೇಟು ಹಾಕಬೇಕೆಂದು ನಿಶ್ಚಯಿಸಿದರೆ ಅವರನ್ನು ಕೇಳುವವರಿಲ್ಲ. ಮತದಾನದ ಚೀಟಿಯ ಮುಂದೆ ಮಾತ್ರ ಒಡೆಯನೂ ಒಕ್ಕಲೂ ಒಂದೇ ತೂಕ. ಸಭಾಸದನು ಎಷ್ಟೇ ಅಯೋಗ್ಯನಿರಲಿ, ಐದು ವರ್ಷಕ್ಕೊಮ್ಮೆ ಇಸ್ತ್ರಿಯವನ ಗಾಡಿಯ ಮುಂದೆ ನಿಂತು ಕೈಮುಗಿಯಲೇಬೇಕಾಗುತ್ತದೆ. ಅಧ್ಯಕ್ಷನು ಎಷ್ಟೇ ಸಜ್ಜನನಿರಲಿ, ಸಂಘದ ಬೈಲಾ ಅವನಿಗೆ ಈ ಪೀಡೆಯನ್ನು ವಿಧಿಸಿಲ್ಲ.

ಬೆಂಗಳೂರಿನ ಇತಿಹಾಸವನ್ನು ಬಲ್ಲ ಉಪಾಧ್ಯಾಯರಿಗೆ ಇದು ಹೊಸತಲ್ಲ. 1898ರಲ್ಲಿ ಪ್ಲೇಗು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಮೃತ್ಯುವಿನ ನಾಟ್ಯವಾಡಿತು. ಅದರ ಬಳಿಕವೇ ಮಲ್ಲೇಶ್ವರ, ಬಸವನಗುಡಿಗಳು ತ್ವರೆಯಿಂದ ಬೆಳೆದವು. ಮನೆಗಳ ಹಿಂದೆ ಜಾಡಮಾಲಿಯ ಸಲುವಾಗಿ ಗಲ್ಲಿಗಳನ್ನು ಬಿಟ್ಟರು. ಅಗಲವಾದ ಬೀದಿ, ಗಾಳಿ, ಬೆಳಕು, ಚರಂಡಿ ಇವೆಲ್ಲ ಬಂದವು. ಹೆಸರಘಟ್ಟದ ನೀರು ಅದಕ್ಕೂ ಮೊದಲೇ ನಗರಕ್ಕೆ ಬಂದಿತ್ತು. ಇವು ಯಾವವೂ ಸಹೃದಯರ ಚಂದಾದಿಂದ ಆಗುವ ಕೆಲಸಗಳಾಗಿರಲಿಲ್ಲ. ಊರಿಗೆ ಊರೇ ತೆರಿಗೆ ಕೊಟ್ಟು, ಸಾರ್ವಜನಿಕ ಸಂಸ್ಥೆಯೊಂದು ನಕ್ಷೆ ಹಾಕಿ ಮಾಡಿದ್ದವು. ಇಂದಿಗೂ ಹಾಗೆಯೇ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಹೊರವಲಯದ ಬಡಾವಣೆಗಳು ಟ್ಯಾಂಕರಿನವನ ಕಾಲು ಹಿಡಿಯಬೇಕಾಗಿ ಬಂದಾಗ, ಲಕ್ಷಾಧೀಶರ ವಸತಿ ಸಮುಚ್ಚಯಗಳ ಸಂಘಗಳೂ ನಿರುಪಾಯವಾದವು. ಆ ವರ್ಷದ ಅಕ್ಟೋಬರದಲ್ಲಿ ಕಾವೇರಿಯ 5ನೆಯ ಹಂತದ ನೀರು, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೆ ಹರಿಯತೊಡಗಿತು. ಹದಿನೇಳು ವರ್ಷ ತೆರಿಗೆ ಕೊಟ್ಟ ಮೇಲೆ! ಈ ಹದಿನೇಳು ವರ್ಷಗಳ ಲೆಕ್ಕವನ್ನು ಯಾರಲ್ಲಿ ಕೇಳಬೇಕು?

ಹುಬ್ಬಳ್ಳಿ-ಧಾರವಾಡದ ನಮ್ಮ ವಾಚಕರು ಈ ಪ್ರಶ್ನೆಯನ್ನು ಓದಿ ಕಹಿಯಾಗಿ ನಗಬಹುದು. ಅಲ್ಲಿ ಹಲವು ದಿನಕ್ಕೊಮ್ಮೆ ನಳ ಬಿಡುವದೇ ರೂಢಿಯಾಗಿದ್ದ ಕಾಲದಲ್ಲಿ, 2008ರ ಸುಮಾರಿಗೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಆಯ್ದ ವಾರ್ಡುಗಳಿಗೆ ಹಗಲಿರುಳೂ ನೀರು ಕೊಡುವ ಯೋಜನೆಯು ಕೈಗೂಡಿತು. ಭಾರತದಲ್ಲಿ ಆಗದೆಂದು ಪಂಡಿತರು ಹೇಳುತ್ತಿದ್ದುದು ನಮ್ಮ ಉತ್ತರದ ಊರುಗಳ ಓಣಿಗಳಲ್ಲಿ ಆಗಿ ತೋರಿತು. ಒಂದು ಬೀದಿಯ ಆಚೆ ಹಗಲಿರುಳು ನೀರು, ಈಚೆ ಕೊಡಗಳ ಸಾಲು. ಇಂಥ ಸ್ಥಿತಿಯು ವರ್ಷಗಟ್ಟಲೆ ಮುಂದುವರಿಯಿತು. ಆದದ್ದನ್ನು ಊರಿಗೆಲ್ಲ ಹಬ್ಬಿಸುವದಕ್ಕೆ ಯಂತ್ರಶಾಸ್ತ್ರವು ಸಾಲದು. ಪ್ರತಿ ವಾರ್ಡಿನಿಂದಲೂ ನಮಗೇಕಿಲ್ಲವೆಂದು ಸಭೆಯಲ್ಲಿ ಎದ್ದು ನಿಂತು ಕೇಳುವ ಬಾಯಿ ಬೇಕು.

ಈಗ ಒಂದು ಸರಳವಾದ ಲೆಕ್ಕವನ್ನು ನೋಡೋಣ. ನಮ್ಮ ಪ್ರಾಂತದ 1993ರ ಪಂಚಾಯತಿ ಕಾನೂನಿನ ಮೇರೆಗೆ ಹಳ್ಳಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಗ್ರಾಮ ಪಂಚಾಯತಿಯ ಸದಸ್ಯನು. 2011ರ ಜನಗಣತಿಯಲ್ಲಿ ಬೆಂಗಳೂರಿನ ಪಾಲಿಕೆಯ ಕ್ಷೇತ್ರದಲ್ಲಿ 84 ಲಕ್ಷ ಜನರಿದ್ದರು, ವಾರ್ಡುಗಳು 198. ಎಂದರೆ ಸರಾಸರಿ 42 ಸಾವಿರಕ್ಕೂ ಮಿಕ್ಕಿ ಜನರಿಗೆ ಒಬ್ಬನೇ ಸಭಾಸದ. ಅವನೂ ಐದು ವರ್ಷ ಇರಲಿಲ್ಲ. ಹಳ್ಳಿಗನನ್ನು ನೋಡಿ ಅಸೂಯೆಪಡುವ ಕಾಲವು ನಗರವಾಸಿಗೆ ಬಂದಿದೆ. ಹಳ್ಳಿಯವನಿಗೆ ವಾರ್ಡು ಸಭೆಯೂ ಗ್ರಾಮಸಭೆಯೂ ಕಾನೂನಿನಿಂದ ದೊರೆತಿವೆ. ಅವನು ಬೇಕಾದರೆ ಹೋಗಿ ಜಮಾಖರ್ಚನ್ನು ಕೇಳಬಹುದು.

ನಗರಕ್ಕೆ ಈ ಹಕ್ಕು ಇಲ್ಲವೆಂದಲ್ಲ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು, ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚಿನ ಜನಸಂಖ್ಯೆಯ ಊರುಗಳಲ್ಲಿ ವಾರ್ಡು ಸಮಿತಿಗಳಿರತಕ್ಕದ್ದೆಂದು ವಿಧಿಸಿದೆ. ಬೆಂಗಳೂರಿನಲ್ಲಿ ಅವು ನಿಜವಾಗಿ ಸಭೆ ಸೇರತೊಡಗಿದ್ದು 2018ರ ಕೊನೆಗೆ, ತಿಂಗಳ ಮೊದಲನೆಯ ಶನಿವಾರಗಳಂದು. ಅದೂ ನಾಗರಿಕರು ಕೋರ್ಟಿನ ಮೆಟ್ಟಿಲು ಹತ್ತಿದ ಬಳಿಕ. ಕಾನೂನಿಗೂ ಆಚರಣೆಗೂ ಇಪ್ಪತ್ತೈದು ವರ್ಷದ ಅಂತರ. ಸಮಿತಿಯ ರಚನೆಯಲ್ಲಿ ಸ್ತ್ರೀಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನಗಳನ್ನು ಇಟ್ಟಿದ್ದರು. ಇದು ಒಳ್ಳೆಯ ಏರ್ಪಾಡು. ಸಂಘದ ಅನುಭವವೂ ಹಿಂದಿನ ಕೇರಿಯ ದೂರೂ ಒಂದೇ ಮೇಜಿನ ಸುತ್ತ ಕೂಡ್ರುವ ಸ್ಥಳ ಇದೊಂದೇ. ಅನೇಕ ಕಡೆಗಳಲ್ಲಿ ಸಭೆಯ ಸುದ್ದಿ ಹಿಂದಿನ ಸಂಜೆ ತಿಳಿಯುತ್ತಿತ್ತು; ಕೆಲವು ಕಡೆ ತಿಳಿಯುತ್ತಲೇ ಇರಲಿಲ್ಲ. ಆದರೂ ನಡೆದಲ್ಲಿ ಫಲ ಕಂಡಿತು. ಆರಿದ ದೀಪ, ಮುಚ್ಚದ ಕುಣಿ, ಒಡೆದ ಕಾಲುದಾರಿ ಇವುಗಳ ಮೇಲೆ ಇಂಜಿನಿಯರನು ಮುಂದಿನ ತಿಂಗಳು ಮತ್ತೆ ಉತ್ತರ ಹೇಳಬೇಕಾದ ಪ್ರಸಂಗವು ಮೊದಲ ಸಲ ಬಂದಿತು.

ಸಭೆಯ ಭಾಷೆಯ ವಿಷಯವನ್ನು ನಮ್ಮ ಪತ್ರಿಕೆಯು ಬಿಟ್ಟುಬಿಟ್ಟರೆ ವಾಚಕರು ಆಶ್ಚರ್ಯಪಟ್ಟಾರು. ಸ್ಥಳೀಯ ಸಂಸ್ಥೆಗಳ ಕಾರಭಾರವು ಕನ್ನಡದಲ್ಲಿ ನಡೆಯಬೇಕೆಂದು 1981ರ ಕಾನೂನು ಇದೆ. ಆದರೆ ಬಡಾವಣೆಯ ಸಂಘಗಳ ನೋಟೀಸುಗಳು ಬಹುಮಟ್ಟಿಗೆ ಇಂಗ್ಲೀಷಿನಲ್ಲಿಯೇ ಹುಟ್ಟಿ ಇಂಗ್ಲೀಷಿನಲ್ಲಿಯೇ ಸಾಯುತ್ತವೆ. ತಮಿಳು, ತೆಲುಗು, ಉರ್ದು ಮನೆಮಾತಿನ ಬಡವರು ಕೂಡ ಬೀದಿಯಲ್ಲಿ ಕನ್ನಡವನ್ನು ಆಡಬಲ್ಲರು, ಇಂಗ್ಲೀಷನ್ನು ಆಡಲಾರರು. ಕನ್ನಡದಲ್ಲಿ ಸಭೆ ನಡೆಯಲೆಂದು ನಾವು ಕೇಳುವದು ನಾಮಫಲಕದ ಅಭಿಮಾನದಿಂದಷ್ಟೇ ಅಲ್ಲ. ಕೋಣೆಯಲ್ಲಿ ಯಾರಿಗೆ ಬಾಯಿ ಬರುವದು, ಯಾರಿಗೆ ಹೋಗುವದು ಎಂಬುದು ಅದರಿಂದ ನಿರ್ಧಾರವಾಗುತ್ತದೆ.

ಐದು ಪಾಲಿಕೆಗಳಾದುದರಿಂದ ಪೌರನಿಗೆ ಪಾಲಿಕೆಯ ಕಚೇರಿಯು ಸಮೀಪವಾಗುವದೆಂದು ಸರಕಾರವು ಹೇಳಿದೆ. ಆಗಲಿ. ಆದರೆ ಐದರ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರವನ್ನೂ ಅದೇ ಕಾನೂನು ಕೂಡ್ರಿಸಿದೆ. ಕಚೇರಿಯು ಹತ್ತಿರ ಬಂದು ಅಧಿಕಾರವು ದೂರ ಹೋದರೆ ಲಾಭವೇನು? ನೀರು ಒಂದು ಮಂಡಳಿಗೆ, ಬಸ್ಸು ಇನ್ನೊಂದು ನಿಗಮಕ್ಕೆ, ನಗರದ ಯೋಜನೆ ಮತ್ತೊಂದು ಪ್ರಾಧಿಕಾರಕ್ಕೆ ಎಂದು ಹಂಚಿಹೋದ ಮೇಲೆ ಸಭಾಸದನ ಪಾಲಿಗೆ ಉಳಿಯುವದು ಕಸವೂ ಕುಣಿಯೂ ಮಾತ್ರ ಎಂದು ಅನೇಕರು ವ್ಯಂಗ್ಯವಾಡುವರು. ಆ ವ್ಯಂಗ್ಯದಲ್ಲಿ ಸತ್ಯವಿದೆ. ವಾರ್ಡಿನ ಸಭೆಗೆ ನೀರಿನ ಮಂಡಳಿಯ, ವಿದ್ಯುತ್ ಸಂಸ್ಥೆಯ, ಪೋಲೀಸು ಖಾತೆಯ ಅಧಿಕಾರಿಗಳೂ ಬಂದು ಕೂಡ್ರಬೇಕೆಂಬುದನ್ನು ಕಡ್ಡಾಯ ಮಾಡದ ಹೊರತು ಅರ್ಧ ಪ್ರಶ್ನೆಗಳಿಗೆ ಅಲ್ಲಿ ಉತ್ತರವೇ ದೊರೆಯದು.

ಇಷ್ಟನ್ನು ತಕ್ಷಣ ಮಾಡಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ವಾರ್ಡು ಸಮಿತಿಯ ಸಭೆಯು ಯಾವ ದಿನ, ಯಾವ ಗಂಟೆಗೆ, ಯಾವ ಕಟ್ಟಡದಲ್ಲಿ ಎಂಬುದನ್ನು ಎಂಟು ದಿನ ಮುಂಚಿತವಾಗಿ ಕನ್ನಡದಲ್ಲಿ ಬರೆದು ಸರಕಾರಿ ಶಾಲೆ, ನ್ಯಾಯಬೆಲೆಯ ಅಂಗಡಿ, ಬಸ್ಸಿನ ತಂಗುದಾಣಗಳಲ್ಲಿ ಅಂಟಿಸಲಿ. ಕೂಲಿಯವರು ಬರಲಾಗದ ಹೊತ್ತಿನಲ್ಲಿ ಸಭೆ ಕರೆಯದಿರಲಿ. ವಾರ್ಡಿನಲ್ಲಿ ಆ ವರ್ಷ ಖರ್ಚಾಗತಕ್ಕ ಹಣದ ಪಟ್ಟಿಯನ್ನು, ಗುತ್ತಿಗೆದಾರನ ಹೆಸರು ಮತ್ತು ಕೆಲಸ ಮುಗಿಯಬೇಕಾದ ತಾರೀಖಿನೊಡನೆ, ಗೋಡೆಯ ಮೇಲೆ ಬರೆಯಿಸಲಿ. ನಮ್ಮ ಉಪಾಧ್ಯಾಯ ಬಂಧುಗಳು ತಿಂಗಳಿಗೆ ಒಂದು ಸಂಜೆಯನ್ನು ಇದಕ್ಕಾಗಿ ಎತ್ತಿಟ್ಟು, ಅರ್ಜಿ ಬರೆಯಲಾರದವರ ಅರ್ಜಿಯನ್ನು ಬರೆದುಕೊಟ್ಟು, ಸಭೆಯಲ್ಲಿ ಅವರ ಮಗ್ಗುಲಲ್ಲಿ ಕುಳಿತುಕೊಳ್ಳಲಿ. ಬರುವ ತಿಂಗಳಿನ ಸಭೆಗೆ ಹೋಗಿ ಬಂದವರು ಅಲ್ಲಿ ಎಷ್ಟು ಜನ ಕೂಡಿದ್ದರು, ಏನನ್ನು ಕೇಳಿದರು, ಏನು ಉತ್ತರ ಬಂದಿತು ಎಂಬುದನ್ನು ಒಂದು ಪುಟಕ್ಕೆ ಮೀರದಂತೆ ಬರೆದು ಕಳಿಸಿದರೆ ಈ ಅಂಕಣದ ಪಕ್ಕದಲ್ಲಿಯೇ ಅದಕ್ಕೆ ಸ್ಥಳ ಕೊಡುವೆವು.