ರೇಡಿಯೋ ಚೀಟಿಯೂ ಗ್ರಾಹಕನ ಹಕ್ಕೂ

ಕಳೆದ ದೀಪಾವಳಿಗೆ ಮುನ್ನ ಮುಂಬಯಿಯ ಉಪನಗರವೊಂದರ ದೊಡ್ಡ ಉಡುಪಿನ ಮಳಿಗೆಯಲ್ಲಿ ಮಗನಿಗೊಂದು ಅಂಗಿಯನ್ನು ಕೊಂಡೆ. ಹಣ ಸಲ್ಲಿಸುವ ಮೇಜಿನ ಬಳಿ ಸಿಬ್ಬಂದಿ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಲಿಲ್ಲ. ಬುಟ್ಟಿಯನ್ನು ಪೆಟ್ಟಿಗೆಯೊಂದರೊಳಗೆ ಇಟ್ಟೊಡನೆ ಆರು ಉಡುಪುಗಳ ಬೆಲೆಯೂ ಪರದೆಯ ಮೇಲೆ ಮೂಡಿತು. ನನಗೆ ಸಂತೋಷವೇ ಆಯಿತು. ಆದರೆ ಹದಿನೈದು ದಿನಗಳ ನಂತರ ಮಗ ಅದೇ ಅಂಗಿಯನ್ನು ತೊಟ್ಟು, ಅದೇ ವ್ಯಾಪಾರಿಯ ಮತ್ತೊಂದು ಮಳಿಗೆಯಿಂದ ನನ್ನೊಡನೆ ಹೊರಬರುತ್ತಿದ್ದಾಗ ಬಾಗಿಲ ಬಳಿ ಗಂಟೆ ಕೂಗಿತು. ಕಾವಲುಗಾರ ತಡೆದು ನಿಲ್ಲಿಸಿದ. ಸುತ್ತಲಿದ್ದವರು ತಿರುಗಿ ನೋಡಿದರು. ಹನ್ನೆರಡು ವರ್ಷದ ಹುಡುಗನ ಮುಖ ಕೆಂಪೇರಿದುದನ್ನು ನಾನು ಮರೆಯಲಾರೆ.

ಕೆಲ ನಿಮಿಷಗಳಲ್ಲಿ ನಿಜಸಂಗತಿ ಹೊರಬಂದಿತು. ಅಂಗಿಯ ಒಳಮಗ್ಗುಲಿನ ಚೀಟಿಯನ್ನು ಯಂತ್ರಕ್ಕೆ ತೋರಿಸಿದಾಗ, ಅದನ್ನು ಎಲ್ಲಿ, ಯಾವ ದಿನ, ಯಾವ ಮೊಬೈಲ್ ಸಂಖ್ಯೆ ಕೊಟ್ಟವರು ಕೊಂಡರೆಂಬುದೆಲ್ಲ ಕಾಣಿಸಿತು. ಹಣ ಸಂದಾಯವಾಗಿತ್ತು, ಆ ಸುದ್ದಿ ಬಾಗಿಲ ಯಂತ್ರಕ್ಕೆ ತಲುಪಿರಲಿಲ್ಲ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ನಗದು ಪುಸ್ತಕದಲ್ಲಿ ಬರೆದ ಮೊತ್ತ ಖಾತೆಗೆ ಏರಿರಲಿಲ್ಲ. ಅವರು ಕ್ಷಮೆ ಕೇಳಿದರು, ನಾವು ಹೊರಬಂದೆವು. ನನ್ನನ್ನು ಕಳಂಕದಿಂದ ಪಾರುಮಾಡಿದ್ದು ಆ ದಾಖಲೆ. ಚಿಂತೆಗೀಡುಮಾಡಿದ್ದೂ ಅದೇ ದಾಖಲೆ.

ಈ ಚೀಟಿಯ ಸ್ವರೂಪವನ್ನು ತಿಳಿದುಕೊಳ್ಳುವುದು ಅಗತ್ಯ. 1974ರ ಜೂನ್ 26ರಂದು ಅಮೆರಿಕದ ಓಹಾಯೋ ಪ್ರಾಂತದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದರ ಮೇಲಿನ ಬಾರ್‌ಕೋಡ್ ಗೆರೆಗಳನ್ನು ಯಂತ್ರ ಓದಿದಂದಿನಿಂದ ವ್ಯಾಪಾರದ ಲೆಕ್ಕ ಹಗುರವಾಗತೊಡಗಿತು. ಆ ಗೆರೆಗಳನ್ನು ಯಂತ್ರದ ಕಣ್ಣಿಗೆ ಹಿಡಿಯಬೇಕು. ರೇಡಿಯೋ ಚೀಟಿಗೆ ಆ ಕಟ್ಟುಪಾಡಿಲ್ಲ. ಅದರಲ್ಲಿ ಸಾಸಿವೆಗಿಂತಲೂ ಕಿರಿದಾದ ಒಂದು ಚಿಪ್, ತೆಳುವಾದ ಲೋಹದ ಆಂಟೆನಾ ಇಷ್ಟೇ ಇರುತ್ತವೆ; ಬ್ಯಾಟರಿ ಇರುವುದಿಲ್ಲ. ಓದುವ ಯಂತ್ರ ಸೂಸುವ ರೇಡಿಯೋ ಅಲೆಗಳಿಂದಲೇ ಶಕ್ತಿ ಪಡೆದು, ಕೆಲವು ಮೀಟರುಗಳ ದೂರದಿಂದಲೂ ತನ್ನ ಸಂಖ್ಯೆಯನ್ನು ಒಪ್ಪಿಸುತ್ತದೆ. ತಾನಾಗಿ ಏನನ್ನೂ ಸೂಸದ ಕಾರಣ ಅಂಗಿಯೊಳಗಿನ ಚೀಟಿ ಹಗಲಿರುಳು ಮೈಗೆ ಅಲೆ ಸೋಕಿಸುತ್ತಿರುತ್ತದೆಂಬ ಭಯ ಬೇಡ. ನಮ್ಮ ಹೆದ್ದಾರಿಗಳಲ್ಲಿ 2021ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಕೂಡ ಇದೇ ಕುಲದ್ದು.

ಮುಖ್ಯವಾದ ವ್ಯತ್ಯಾಸ ಬೇರೊಂದಿದೆ. ಒಂದೇ ಬಗೆಯ ಸಾವಿರ ಅಂಗಿಗಳಿಗೆ ಸಾಮಾನ್ಯವಾಗಿ ಬಾರ್‌ಕೋಡ್ ಒಂದೇ. ರೇಡಿಯೋ ಚೀಟಿಯಾದರೋ ಪ್ರತಿಯೊಂದು ಅಂಗಿಗೂ ಪ್ರತ್ಯೇಕ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಕೊಂಡವರ ಮೊಬೈಲ್ ಸಂಖ್ಯೆಯೊಡನೆ ಒಮ್ಮೆ ಸೇರಿತೆಂದರೆ, ಅದು ವಸ್ತುವಿನ ಗುರುತಾಗಿ ಉಳಿಯದೆ ವ್ಯಕ್ತಿಯ ಗುರುತಾಗುತ್ತದೆ.

ವ್ಯಾಪಾರಿಗೆ ಇದರಿಂದ ಆಗುವ ಅನುಕೂಲವನ್ನು ವಾಣಿಜ್ಯ ಶಾಸ್ತ್ರ ಓದಿದ ನಾನು ಅಲ್ಲಗಳೆಯಲಾರೆ. ದಿನಗಟ್ಟಲೆ ಹಿಡಿಯುತ್ತಿದ್ದ ದಾಸ್ತಾನು ಎಣಿಕೆ ಗಂಟೆಗಳಲ್ಲಿ ಮುಗಿಯುತ್ತದೆ. ಕಳ್ಳತನ ಬೇಗ ಗೊತ್ತಾಗುತ್ತದೆ. ಬೇಕಾದ ಅಳತೆಯ ಉಡುಪು ಇದೆಯೋ ಇಲ್ಲವೋ ಎಂದು ತಡಕಾಡಬೇಕಿಲ್ಲ. ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆ ತನಗೆ ಸರಕು ಪೂರೈಸುವ ಪ್ರಮುಖ ನೂರು ಕಂಪನಿಗಳು 2005ರ ಜನವರಿಯ ವೇಳೆಗೆ ಸರಕಿನ ಪೆಟ್ಟಿಗೆಗಳಿಗೆ ಈ ಚೀಟಿ ಹಚ್ಚಬೇಕೆಂದು 2003ರಲ್ಲಿ ಕೇಳಿದ್ದು ಇಂಥ ಲಾಭವನ್ನು ಕಂಡೇ. ಸರತಿಯಲ್ಲಿ ನಿಲ್ಲುವ ಕಾಲ ಕಡಿಮೆಯಾಗುವುದು ನಮಗೂ ಲಾಭವೇ.

ಆದರೆ ಈ ಲಾಭಗಳಲ್ಲಿ ಬಹುಪಾಲು ಅಂಗಡಿಯ ಹೊಸ್ತಿಲಿನಲ್ಲೇ ಮುಗಿಯುತ್ತದೆ. ಹೊಸ್ತಿಲು ದಾಟಿದ ಮೇಲೂ ಚೀಟಿ ಏಕೆ ಮಾತನಾಡುತ್ತಿರಬೇಕು? ಈ ಪ್ರಶ್ನೆಯನ್ನು ಯುರೋಪಿನ ಜನ ಬಹಳ ಹಿಂದೆಯೇ ಕೇಳಿದರು. 2003ರಲ್ಲಿ ಬೆನೆಟನ್ ಉಡುಪುಗಳಿಗೆ ಈ ಚೀಟಿ ಬರಲಿದೆಯೆಂಬ ಪ್ರಕಟಣೆ ಹೊರಬಿದ್ದಾಗ ಗ್ರಾಹಕರ ಪ್ರತಿಭಟನೆ ಎಷ್ಟಿತ್ತೆಂದರೆ, ಸಂಸ್ಥೆ ಕೆಲವೇ ವಾರಗಳಲ್ಲಿ ಹಿಂದೆ ಸರಿಯಿತು. ಜರ್ಮನಿಯ ರೈನ್‌ಬರ್ಗ್‌ನಲ್ಲಿ ಮೆಟ್ರೋ ಸಂಸ್ಥೆಯ ಪ್ರಯೋಗದ ಅಂಗಡಿ ಗ್ರಾಹಕರಿಗೆ ಕೊಟ್ಟ ಕಾರ್ಡುಗಳಲ್ಲೇ ಇಂಥ ಚಿಪ್ ಇದೆಯೆಂಬುದು 2004ರಲ್ಲಿ ಬಯಲಾದಾಗ ಆ ಕಾರ್ಡುಗಳನ್ನು ಹಿಂಪಡೆಯಬೇಕಾಯಿತು. 2009ರ ಮೇ ತಿಂಗಳಲ್ಲಿ ಯುರೋಪಿಯನ್ ಆಯೋಗವು, ಗ್ರಾಹಕರ ಖಾಸಗಿತನಕ್ಕೆ ಅಪಾಯವಿರುವಲ್ಲಿ, ಅವರು ಬೇಕೆಂದು ಒಪ್ಪಿದ ಹೊರತು, ಮಾರಾಟದ ಸ್ಥಳದಲ್ಲೇ ಚೀಟಿಯನ್ನು ನಿಷ್ಕ್ರಿಯಗೊಳಿಸಬೇಕೆಂದು ಶಿಫಾರಸು ಮಾಡಿತು. ಇದು ಅಸಾಧ್ಯವಾದುದಲ್ಲ. ಚಿಲ್ಲರೆ ವ್ಯಾಪಾರದಲ್ಲಿ ಬಳಸುವ ಚೀಟಿಗಳ ಪ್ರಮಾಣಿತ ವಿಧಾನದಲ್ಲೇ ಅವನ್ನು ಶಾಶ್ವತವಾಗಿ ಮೂಕವಾಗಿಸುವ ಆಜ್ಞೆಯೊಂದಿದೆ.

ಅಂಗಿಯ ವಿಷಯವಾದರೆ ಸರಿ, ಮುಚ್ಚಿಡುವುದೇನಿದೆ ಎನ್ನುವವರಿದ್ದಾರೆ. ನಾಳೆ ಔಷಧದ ಪೊಟ್ಟಣಕ್ಕೂ ಇಂಥ ಚೀಟಿ ಬಂದರೆ? ಕೈಚೀಲದಲ್ಲಿರುವುದು ಮಧುಮೇಹದ ಮಾತ್ರೆಯೋ ಮನೋವ್ಯಾಧಿಯ ಮಾತ್ರೆಯೋ ಎಂಬುದು ದಾರಿಹೋಕನ ಯಂತ್ರಕ್ಕೆ ತಿಳಿಯುವುದು ಯಾರಿಗೆ ಹಿತ? ರೋಗಿಗೂ ವೈದ್ಯರಿಗೂ ನಡುವಿನ ಗುಟ್ಟನ್ನು ಪೊಟ್ಟಣ ಬಿಟ್ಟುಕೊಡಬಾರದು. ಗ್ರಾಹಕರ ಲೆಕ್ಕವನ್ನು ಗೋಪ್ಯವಾಗಿಡುವುದು ನಮ್ಮ ವೃತ್ತಿಯ ಮೊದಲ ಪಾಠ. ಆ ಪಾಠ ಬಟ್ಟೆಯಂಗಡಿಗೆ ಅನ್ವಯಿಸದೆಂದು ನಾನು ನಂಬಲಾರೆ.

ನಮ್ಮ ದೇಶದಲ್ಲೂ ನೆಲೆಗಟ್ಟು ಸಿದ್ಧವಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಕನ್ನಡಿಗರಾದ ನಮಗೆ ಇದು ಅಭಿಮಾನದ ಸಂಗತಿ. ಮೊಬೈಲ್ ಸಂಖ್ಯೆ ಕೊಡಲೇಬೇಕೆಂದು ಅಂಗಡಿಗಳು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಸಲಹೆಯಿತ್ತಿತು. ಅದೇ ವರ್ಷ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಅಂಗೀಕಾರವಾಯಿತು. ಆದರೆ ಕಾಯಿದೆ ಪುಸ್ತಕದಿಂದ ಇಳಿದು ಅಂಗಡಿಯ ಮೇಜಿನ ಮೇಲೆ ಬರಬೇಕಾದರೆ ಗ್ರಾಹಕ ಬಾಯಿ ತೆರೆಯಬೇಕು.

ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಮೂರು. ಚೀಟಿ ಇರುವುದನ್ನು ಕಾಣುವಂತೆ ತಿಳಿಸಿ. ಹಣ ಸಂದಾಯವಾದೊಡನೆ ಅದನ್ನು ಕತ್ತರಿಸಿ ಅಥವಾ ಮೂಕವಾಗಿಸಿ. ವಸ್ತು ಬದಲಿಸಿಕೊಡಲು ರಸೀದಿಯೊಂದೇ ಸಾಕೆಂದು ಒಪ್ಪಿಕೊಳ್ಳಿ. ಓದುಗ ಬಂಧುಗಳಲ್ಲಿ ಬಿನ್ನಹವೂ ಮೂರೇ. ಕೊಂಡ ಉಡುಪಿನ ಒಳಮಗ್ಗುಲನ್ನು ನೋಡಿ ಚೀಟಿಯಿದ್ದರೆ ಕತ್ತರಿಸಿ ತೆಗೆಯಿರಿ; ಮೊಬೈಲ್ ಸಂಖ್ಯೆ ಕೇಳಿದಾಗ ಏಕೆಂದು ಕೇಳಿ; ರಸೀದಿಯನ್ನು ಕೆಲಕಾಲ ಜೋಪಾನವಾಗಿಡಿ.

ನಮ್ಮ ಊರುಗಳ ಕಿರಾಣಿ ಅಂಗಡಿಯ ಶೆಟ್ಟರಿಗೂ ನಮ್ಮ ಮನೆಯ ಬೇಳೆಬೆಲ್ಲದ ಲೆಕ್ಕ ತಿಳಿದಿತ್ತು, ನಿಜ. ಆದರೆ ಶೆಟ್ಟರು ಯಾರು, ಎಂಥವರು ಎಂಬುದು ನಮಗೂ ತಿಳಿದಿತ್ತು. ನಮ್ಮನ್ನು ಬಲ್ಲವರನ್ನು ನಾವೂ ಬಲ್ಲವರಾಗಿರುವುದೇ ವಿಶ್ವಾಸದ ಮೂಲ. ಬೆಲೆ ತೆತ್ತು ಕೊಂಡ ವಸ್ತು ನಮ್ಮದು. ಅದರೊಳಗಿನ ಮಾತೂ ನಮ್ಮದೇ ಆಗಿರಲಿ.