ಗೇಟಿನ ಒಳಗೆ ರಾಗಿ, ಹೊರಗೆ ಕರಿದ ಎಣ್ಣೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಮುರಿದು ಮುಗಿದ ಹೊಲಗಳಿಗೆ ಈಗಲೂ ರಾಗಿ ಬೀಳುತ್ತದೆ. ಭತ್ತದ ಸೀಮೆಯಾದ ಕೆ.ಆರ್. ನಗರದಲ್ಲೂ ಮುದ್ದೆ ಮರೆತುಹೋಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆ ಉಣ್ಣುವ ನಮ್ಮ ಮಕ್ಕಳ ಮೂಳೆಗೆ ಏನೂ ಆಗದು ಎಂಬ ಧೈರ್ಯ ಹುಟ್ಟಿದ್ದು ಇಲ್ಲಿಂದಲೇ. ಆ ಧೈರ್ಯ ಈಗ ಸಲ್ಲದು.

ಜಿಡ್ಡು ಹೆಚ್ಚಾದರೆ ಹೃದಯಕ್ಕೆ ಕೆಟ್ಟದ್ದು ಎಂದು ಎಲ್ಲರೂ ಹೇಳುತ್ತಾರೆ, ಮೂಳೆಯ ಮಾತು ಎತ್ತುವವರಿಲ್ಲ. ಪಾಮ್ ಎಣ್ಣೆ, ವನಸ್ಪತಿಯಂಥವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬಿನ ಆಮ್ಲಗಳು ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಕರಗದ ಸಾಬೂನಾಗುತ್ತವೆ. ತಿಂದ ಕ್ಯಾಲ್ಸಿಯಂನಲ್ಲಿ ಒಂದು ಪಾಲು ಮೈಗೆ ಹತ್ತುವುದೇ ಇಲ್ಲ. ಮೂಳೆಯೊಳಗೆ ಆಗುವುದು ಇನ್ನೂ ಗಂಭೀರ. ಮಜ್ಜೆಯಲ್ಲಿರುವ ಒಂದು ಬಗೆಯ ಮೂಲಕೋಶಗಳು ಮೂಳೆ ಕಟ್ಟುವ ಕೋಶಗಳೂ ಆಗಬಲ್ಲವು, ಕೊಬ್ಬಿನ ಕೋಶಗಳೂ ಆಗಬಲ್ಲವು. ಅತಿಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಲ್ಲಿ ಅವು ಕೊಬ್ಬಿನತ್ತ ವಾಲಿದ್ದು, ಉರಿಯೂತ ಹೆಚ್ಚಿ ಮೂಳೆ ಸವೆಸುವ ಕೋಶಗಳು ಚುರುಕಾಗಿದ್ದು, ಒಳಗಿನ ಜಾಲರಿ ತೆಳ್ಳಗಾಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಪುರಾವೆ ಇಷ್ಟು ನೇರವಾಗಿಲ್ಲ, ನಿಜ. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯನ್ನು ಆಧರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿನ್ನುವವರ, ಅದರಲ್ಲೂ ಗಂಡಸರ, ಸೊಂಟದ ಮೂಳೆಯ ಸಾಂದ್ರತೆ ಕಡಿಮೆ ಇತ್ತು.

ಹಾಗೆಂದು ಜಿಡ್ಡೇ ಬೇಡವೆಂದಲ್ಲ. ಡಿ ಜೀವಸತ್ವ ಮೈಗೆ ಹತ್ತಲು ಅದು ಬೇಕೇ ಬೇಕು. ಅಕ್ಕಡಿ ಸಾಲಿನ ಹುಚ್ಚೆಳ್ಳು ಚಟ್ನಿಯಾಗಿ ಮುದ್ದೆಯ ಪಕ್ಕ ಬಂದಾಗ ಅಳತೆ ಮೀರುತ್ತಿರಲಿಲ್ಲ. ಅಳತೆ ತಪ್ಪಿದ್ದು ಮತ್ತೆ ಮತ್ತೆ ಕಾಯಿಸಿದ ಬಾಣಲೆಯಲ್ಲಿ, ಚಿಪ್ಸ್ ಪೊಟ್ಟಣದಲ್ಲಿ.

2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಶಾಲೆಯ ಹಾಲಿಗೆ ರಾಗಿ ಮಿಶ್ರಣ ಸೇರಿಸಿತು. ಒಳ್ಳೆಯ ಕೆಲಸ. ಮರುತಿಂಗಳು ಗೋಬಿ ಮಂಚೂರಿಯ ಕೃತಕ ಬಣ್ಣ ನಿಷೇಧವಾಯಿತು, ಎಣ್ಣೆಯ ಮಾತು ಮಾತ್ರ ಬರಲಿಲ್ಲ. ಮೂಳೆಯ ಬಹುಪಾಲು ಕಟ್ಟಿಕೊಳ್ಳುವುದು ಇಪ್ಪತ್ತರೊಳಗೆ. ಶಾಲೆಯಲ್ಲಿ ಕುಡಿದ ರಾಗಿ ಹಾಲಿನ ಕ್ಯಾಲ್ಸಿಯಂ ಗೇಟಿನಾಚೆಯ ಬೋಂಡಾ, ಕುರುಕಲಿನಿಂದ ಪೋಲಾಗಲು ಬಿಡಬಾರದು.

ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲಾ ಆವರಣದಲ್ಲಾಗಲಿ, ಅದರ ಸುತ್ತಲಿನ 50 ಮೀಟರ್ ವ್ಯಾಪ್ತಿಯಲ್ಲಾಗಲಿ ಮಾರಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಮತ್ತೆ ಮತ್ತೆ ಕಾಯಿಸಿದಾಗ ಕರಿದ ಎಣ್ಣೆಯಲ್ಲಿ ಹೆಚ್ಚುವ ಧ್ರುವೀಯ ಸಂಯುಕ್ತಗಳು ಶೇ 25 ಮೀರಿದರೆ ಆ ಎಣ್ಣೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಹೊಸ ಕಾನೂನು ಬೇಕಿಲ್ಲ. ನಾಲ್ಕೂ ತಾಲ್ಲೂಕುಗಳ ಶಾಲಾಭಿವೃದ್ಧಿ ಸಮಿತಿಗಳು ಜೂನ್ ಸಭೆಯಲ್ಲೇ ಈ ನಿಯಮಗಳನ್ನು ಓದಿಸಲಿ, ಆಹಾರ ಸುರಕ್ಷತಾಧಿಕಾರಿಗಳು ಬಾಣಲೆಯ ಎಣ್ಣೆ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಲಿ. ತಳ್ಳುಗಾಡಿಯವರನ್ನು ಓಡಿಸುವುದು ಬೇಡ. ಬೇಯಿಸಿದ ಕಡಲೆಕಾಯಿ, ಹುರುಳಿ ಉಸ್ಲಿ, ಹುರಿಹಿಟ್ಟಿನ ಉಂಡೆ ಮಾರುವವರಿಗೆ ಪುರಸಭೆ, ಪಂಚಾಯಿತಿಗಳು ಗೇಟಿನ ಹತ್ತಿರವೇ ಜಾಗ ಕೊಡಲಿ, ಸುಂಕ ಬಿಡಲಿ.