ಬಿರಡೆಯ ರಬ್ಬರು ಯಾವುದು?



ಹೊಸ ಮನೆಗೆ ಕೊಳಚೆ ನೀರಿನ ಪೈಪು ಜೋಡಿಸಿದ ಮೇಲೆ, ಮಣ್ಣು ಮುಚ್ಚುವ ಮೊದಲು ಅದರ ಕೆಳಬಾಯಿಗೆ ಒಂದು ಬಿರಡೆ ಬಿಗಿದು, ನೀರು ತುಂಬಿಸಿ, ಎಲ್ಲಾದರೂ ಸೋರುತ್ತದೆಯೇ ಎಂದು ನೋಡುವುದು ಒಳ್ಳೆಯ ಪದ್ಧತಿ. ಈ ಬಿರಡೆಯನ್ನು ಅಂಗಡಿಯಲ್ಲಿ ಪೈಪ್ ಪ್ಲಗ್ ಎನ್ನುತ್ತಾರೆ. ಎರಡು ತಟ್ಟೆಗಳ ನಡುವೆ ದಪ್ಪನೆಯ ಒಂದು ರಬ್ಬರ್ ಬಳೆ. ನಟ್ಟು ತಿರುಗಿಸಿದಂತೆ ತಟ್ಟೆಗಳು ಹತ್ತಿರ ಬಂದು, ರಬ್ಬರು ಹೊರಕ್ಕೆ ಉಬ್ಬಿ ಪೈಪಿನ ಒಳಮೈಗೆ ಒತ್ತಿ ನಿಲ್ಲುತ್ತದೆ. ಗಾಳಿ ತುಂಬಿಸುವ ಬಗೆಯವೂ ಉಂಟು. ಕೊಳ್ಳಲು ಹೋದಾಗ ಅಂಗಡಿಯವರು ಕೇಳುವುದು ಒಂದೇ ಮಾತು, "ಎಷ್ಟು ಇಂಚು?" ನಾಲ್ಕು ಇಂಚು ಎನ್ನುತ್ತೇವೆ, ದುಡ್ಡು ಕೊಟ್ಟು ತರುತ್ತೇವೆ. ಪೈಪಿನೊಳಗೆ ಇರುವುದು ಏನು ಎಂದು ಅವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಬರೀ ನೀರಾದರೆ ಚಿಂತೆಯಿಲ್ಲ, ಯಾವ ರಬ್ಬರಾದರೂ ನಡೆದೀತು. ಆದರೆ ಕೊಬ್ಬರಿ ಎಣ್ಣೆಯ ಗಾಣದ ಮೋರಿ, ಡೀಸೆಲ್ ಸೋರುವ ಪಂಪ್ ಶೆಡ್ಡು, ವಾಹನ ತೊಳೆಯುವ ಜಾಗ, ಬ್ಲೀಚಿಂಗ್ ಪುಡಿ ಹಾಕುವ ಟ್ಯಾಂಕು, ಇಲ್ಲೆಲ್ಲ ಇಂಚಿಗಿಂತ ಮುಖ್ಯವಾದ ಪ್ರಶ್ನೆ ರಬ್ಬರಿನ ಜಾತಿಯದು.

ಕಾಸರಗೋಡಿನ ಗುಡ್ಡಗಳಲ್ಲಿ ರಬ್ಬರ್ ಮರ ಕೆತ್ತುವ ನಮ್ಮವರಿಗೆ ರಬ್ಬರೆಂದರೆ ಆ ಹಾಲಿನಿಂದ ಬಂದದ್ದೇ. ಅದು ನೈಸರ್ಗಿಕ ರಬ್ಬರು. ಎಳೆತ, ಪುಟಿತ, ಹರಿಯದ ಗಟ್ಟಿತನ ಇವುಗಳಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಎಣ್ಣೆ ಕಂಡರೆ ಅದಕ್ಕೆ ಆಗುವುದಿಲ್ಲ. ಮನೆಯಲ್ಲೇ ನೋಡಬಹುದು: ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಂಡು, ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಬಣ್ಣಕ್ಕೆ ಬೆರೆಸುವ ಟರ್ಪೆಂಟೈನಿನಲ್ಲಿ ಮುಚ್ಚಳ ಹಾಕಿ ರಾತ್ರಿಯಿಡೀ ಬಿಡಿ. (ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ.) ಬೆಳಿಗ್ಗೆ ನೀರಿನದು ಇದ್ದಂತೆಯೇ ಇರುತ್ತದೆ, ಇನ್ನೊಂದು ಉಬ್ಬಿ ದೊಡ್ಡದಾಗಿ, ಎಳೆದರೆ ಸುಲಭವಾಗಿ ತುಂಡಾಗುತ್ತದೆ.

ಕಾರಣ ಸರಳ. ರಬ್ಬರಿನ ಉದ್ದ ಸರಪಳಿಗಳೂ ಪೆಟ್ರೋಲ್, ಡೀಸೆಲ್, ಚಿಮಿಣಿ ಎಣ್ಣೆಯ ಕಣಗಳೂ ಕಾರ್ಬನ್ ಮತ್ತು ಹೈಡ್ರೋಜನ್ ಸೇರಿ ಆದವು, ಒಂದೇ ಕುಲದವು. ತನ್ನ ಕುಲದ ದ್ರವವನ್ನು ರಬ್ಬರು ಒಳಗೆ ಬಿಟ್ಟುಕೊಳ್ಳುತ್ತದೆ. ಗಂಧಕದೊಂದಿಗೆ ಬೇಯಿಸಿದಾಗ ಸರಪಳಿಗಳ ನಡುವೆ ಬಿದ್ದ ಗಂಟುಗಳಿಂದಾಗಿ ಅದು ಪೂರ್ತಿ ಕರಗಿಹೋಗುವುದಿಲ್ಲ, ಉಬ್ಬಿ ಬಲಗುಂದುತ್ತದೆ. ಹಾಗೆ ಮೆತ್ತಗಾದ ಬಿರಡೆ ಹಿಂದಿನಿಂದ ದ್ರವದ ಒತ್ತಡ ಬಂದಾಗ ಜಾರುತ್ತದೆ.

ಈ ಕೊರತೆ ನೀಗಿಸಲು 1930ರ ದಶಕದಲ್ಲಿ ಜರ್ಮನಿಯಲ್ಲಿ ನೈಟ್ರೈಲ್ ರಬ್ಬರು ಬಂತು. ಅದರ ಸರಪಳಿಯಲ್ಲಿ ನೈಟ್ರೋಜನ್ ಇರುವ ಭಾಗಗಳನ್ನು ಸೇರಿಸಿರುವುದರಿಂದ ಎಣ್ಣೆಯ ಕುಲಕ್ಕೂ ಅದಕ್ಕೂ ಹೊಂದುವುದಿಲ್ಲ. ಡೀಸೆಲಿಗೂ ಅಡುಗೆ ಎಣ್ಣೆಗೂ ಅದೇ ಸರಿ. ಆದರೆ ಬಿಸಿಲು ತಾಗಿದರೆ ಬಿರುಕು ಬಿಡುತ್ತದೆ, ಬಣ್ಣದ ಅಂಗಡಿಯ ಅಸಿಟೋನಿಗೆ ಸೋಲುತ್ತದೆ. 1960ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಇಪಿಡಿಎಂ ಇದಕ್ಕೆ ನೇರ ಎದುರು: ಬಿಸಿಲು, ಬಿಸಿನೀರು, ಉಗಿ, ತೆಳು ಬ್ಲೀಚಿಂಗ್ ನೀರು, ಅಸಿಟೋನ್ ಎಲ್ಲವನ್ನೂ ತಾಳುತ್ತದೆ, ಡೀಸೆಲಿನಲ್ಲಿ ಮಾತ್ರ ಉಬ್ಬುತ್ತದೆ. ನಿಯೋಪ್ರೀನ್ ಎರಡರ ನಡುವಿನದು. 1957ರಲ್ಲಿ ಬಂದ ವೈಟಾನ್ ಪೆಟ್ರೋಲಿಗೂ 200 ಡಿಗ್ರಿ ಬಿಸಿಗೂ ಜಗ್ಗದು, ಆದರೆ ಅಸಿಟೋನಿಗೆ ಅದೂ ಸೋಲುತ್ತದೆ. ಬೆಲೆ ಕೇಳಿದರೆ ನಾವೇ ಜಗ್ಗುತ್ತೇವೆ.

ಹಾಗಾದರೆ ಎಲ್ಲಕ್ಕೂ ಆಗುವ ಒಂದು ರಬ್ಬರು ಇಲ್ಲವೇ? ಇಲ್ಲ. ವಾಹನದ ಬ್ರೇಕನ್ನೇ ನೋಡಿ. ಡಾಟ್ 3, ಡಾಟ್ 4 ಎಂಬ ಬ್ರೇಕ್ ದ್ರವ ಗ್ಲೈಕಾಲ್ ಜಾತಿಯದು, ಅದಕ್ಕೆ ತಕ್ಕಂತೆ ಒಳಗಿನ ಕಪ್ಪುಗಳು ಹೆಚ್ಚಾಗಿ ಇಪಿಡಿಎಂ. ಯಾರೋ ಅವಸರದಲ್ಲಿ ಆ ಡಬ್ಬಿಗೆ ಎಂಜಿನ್ ಆಯಿಲ್ ಸುರಿದರೆ, ಇಲ್ಲವೇ ಭಾಗಗಳನ್ನು ಚಿಮಿಣಿ ಎಣ್ಣೆಯಲ್ಲಿ ತೊಳೆದು ಹಾಗೆಯೇ ಜೋಡಿಸಿದರೆ, ಕಪ್ಪುಗಳು ಉಬ್ಬಿ ಬ್ರೇಕು ಕಚ್ಚಿಕೊಳ್ಳಬಹುದು ಅಥವಾ ಹಿಡಿಯದೇ ಹೋಗಬಹುದು. ಮನೆಮಂದಿಯೆಲ್ಲ ಕೂತ ಜೀಪಿನ ಕತೆ ಇದು ಎಂಬುದನ್ನು ನೆನೆಯಬೇಕು.

ಬಣ್ಣ ನೋಡಿ ರಬ್ಬರಿನ ಜಾತಿ ಹೇಳಲಾಗದು. ಕಾರ್ಬನ್ ಮಸಿ ಬೆರೆಸುವುದರಿಂದ ಇವೆಲ್ಲ ಕಪ್ಪೇ. ಅಂಗಡಿಯಲ್ಲಿ ಎನ್‌ಬಿಆರ್ ಅಂದರೆ ನೈಟ್ರೈಲ್, ಎನ್‌ಆರ್ ಅಂದರೆ ನೈಸರ್ಗಿಕ, ಎಫ್‌ಕೆಎಂ ಅಂದರೆ ವೈಟಾನ್ ಜಾತಿ ಎಂದು ತಿಳಿದು, ಬಿಲ್ಲಿನಲ್ಲಿ ಬರೆಸಿಕೊಳ್ಳಿ. "ಒಳ್ಳೆಯ ರಬ್ಬರು ಸ್ವಾಮೀ" ಎಂಬ ಉತ್ತರ ಉತ್ತರವೇ ಅಲ್ಲ. ಅನುಮಾನವಿದ್ದರೆ ಅದೇ ರಬ್ಬರಿನ ಚಿಕ್ಕ ತುಂಡನ್ನು ಅಳೆದು, ನಿಮ್ಮ ಪೈಪಿನ ದ್ರವದಲ್ಲೇ ಗಾಜಿನ ಸೀಸೆಯಲ್ಲಿ ಒಂದು ವಾರ ನೆನೆಹಾಕಿ ಮತ್ತೆ ಅಳೆಯಿರಿ. ದಪ್ಪವಾಗಿದ್ದರೆ, ಅಂಟಂಟಾಗಿದ್ದರೆ, ಉಗುರಿಗೆ ಬಿರುಸೆನಿಸಿದರೆ ಅದು ಬೇಡ.

ಪಾಯಿಖಾನೆ ತೊಳೆಯುವ ಆಸಿಡ್ ವಿಷಯದಲ್ಲಿ ಕತೆ ಬೇರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ನೈಸರ್ಗಿಕ ರಬ್ಬರು ಅದನ್ನು ಚೆನ್ನಾಗಿಯೇ ತಾಳುತ್ತದೆ. ಕಾರ್ಖಾನೆಗಳಲ್ಲಿ ಆ ಆಮ್ಲದ ಟ್ಯಾಂಕುಗಳಿಗೆ ಒಳಗೆ ರಬ್ಬರಿನ ಹೊದಿಕೆ ಹಾಕುವುದೂ ಇದರಿಂದಲೇ. ತಿಂದುಹೋಗುವುದು ಬಿರಡೆಯ ಸತು ಬಳಿದ ಬೋಲ್ಟು, ಅಲ್ಯೂಮಿನಿಯಂ ತಟ್ಟೆ. ರಬ್ಬರು ಗಟ್ಟಿಯಾಗಿಯೇ ಇರುತ್ತದೆ, ಬಿಗಿದು ಹಿಡಿಯುವುದು ಯಾವುದೂ ಇರುವುದಿಲ್ಲ.

ಗಲ್ಫಿನಲ್ಲಿ ಪೈಪ್ ಫಿಟ್ಟರ್ ಆಗಿ ದುಡಿಯುವ ಮಕ್ಕಳು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಅವರಿಗೆ ಫೋನಿನಲ್ಲಿ ಹೇಳಬೇಕಾದ ಮಾತೊಂದಿದೆ. ದೊಡ್ಡ ಪೈಪಿನಲ್ಲಿ ಒತ್ತಡಕ್ಕೆ ಸಿಕ್ಕಿದ ಬಿರಡೆ ಕಿತ್ತು ಬಂದರೆ ಗುಂಡಿನಂತೆ ಬರುತ್ತದೆ, ಅದರ ಹಿಂದೆಯೇ ದ್ರವವೂ ನುಗ್ಗುತ್ತದೆ. ಬಿರಡೆಯ ನೇರಕ್ಕೆ ನಿಲ್ಲಬಾರದು. ಒತ್ತಡ ಇಳಿಯದೆ ಅದನ್ನು ಸಡಿಲಿಸಬಾರದು. ಬಿರಡೆಯೊಂದನ್ನೇ ನಂಬಿ ಗುಂಡಿಗೆ ಇಳಿಯಬಾರದು. ಮೇಸ್ತ್ರಿ ಅವಸರ ಮಾಡಿದರೂ ಸರಿ, "ಇದರೊಳಗೆ ಇರುವುದೇನು, ಈ ರಬ್ಬರು ಯಾವುದು?" ಎಂದು ಕೇಳಿಯೇ ಕೈ ಹಾಕಲಿ.

ಕೆಲಸ ಮುಗಿದ ಬಿರಡೆಯನ್ನು ಸೋಪಿನ ನೀರಿನಲ್ಲಿ ತೊಳೆದು, ಒರಸಿ, ನಟ್ಟು ಸಡಿಲಿಸಿ ಇಡಿ. ಬಿಗಿದೇ ಇಟ್ಟರೆ ರಬ್ಬರು ಅದೇ ಆಕಾರಕ್ಕೆ ಕೂತುಬಿಡುತ್ತದೆ. ಬಿಸಿಲು ಬೀಳುವ ಕಿಟಕಿಯೂ ಕಿಡಿ ಹಾರುವ ಮೋಟಾರಿನ ಪಕ್ಕವೂ ಬೇಡ, ಕಿಡಿಯಿಂದ ಹುಟ್ಟುವ ಓಝೋನ್ ನೈಸರ್ಗಿಕ ರಬ್ಬರನ್ನು ಸೀಳುತ್ತದೆ. ಮಳೆಗಾಲ ಕಳೆದು ಮತ್ತೆ ತೆಗೆದಾಗ ಅಂಚನ್ನು ಬಗ್ಗಿಸಿ ನೋಡಿ, ಕೂದಲೆಳೆಯಷ್ಟು ಬಿರುಕು ಕಂಡರೂ ಹೊಸ ಬಳೆ ಹಾಕಿಸಿ.